ಒಂದೇ ಚಾರ್ಜಿನಲ್ಲಿ ಭೋರ್

ನಮ್ಮ ಮನೆಗೆ ಬ್ಯಾಟರಿ ಕಾರು ಬಂದ ದಿನ ಅದರ ಮುಂದೆ ತೆಂಗಿನಕಾಯಿ ಒಡೆದವಳು ನಾನು, ಆರತಿ ಎತ್ತಿದವರು ಅತ್ತೆ. ನಮ್ಮವರು ಇದಾವುದರಲ್ಲೂ ಇರಲಿಲ್ಲ. ಸ್ಟೀರಿಂಗ್ ಹಿಡಿದು ಕುಳಿತು ಎದುರಿನ ಪರದೆಯಲ್ಲಿ ಮೂಡಿದ ಅಂಕಿಯನ್ನು ನೋಡುತ್ತಿದ್ದರು. ಬ್ಯಾಟರಿಯಲ್ಲಿ ಇನ್ನೆಷ್ಟು ಚಾರ್ಜ್ ಉಳಿದಿದೆ ಎಂದು ಶೇಕಡಾ ಲೆಕ್ಕದಲ್ಲಿ ತೋರಿಸುವ ಅಂಕಿ ಅದು. ಆಮೇಲೆ ನಮ್ಮ ಮನೆಯನ್ನು ಆಳಿದ್ದು ಅದೇ. ಬೆಳಿಗ್ಗೆ ಎದ್ದವರು ದೇವರ ಫೋಟೋಕ್ಕೆ ಕೈಮುಗಿಯುವ ಮೊದಲು ಮೊಬೈಲಿನಲ್ಲಿ ಆ ಅಂಕಿ ನೋಡುತ್ತಿದ್ದರು.

ಅತ್ತೆ ಎಂದರೆ ನಮ್ಮವರ ತಾಯಿಯಲ್ಲ, ಸೋದರತ್ತೆ. ಅವರ ತಂದೆಯ ಅಕ್ಕ. ಮಕ್ಕಳಿಲ್ಲ. ಗಂಡ ತೀರಿಕೊಂಡ ಮೇಲೆ ಪುಣೆಗೆ ಬಂದವರು, ಧಾರವಾಡದಿಂದ ಓದಲು ಬಂದ ತಮ್ಮನ ಮಗನಿಗೆ ಅಡುಗೆ ಮಾಡಿ ಹಾಕಿ, ಅವನಿಗೆ ದೇಹೂ ರೋಡಿನ ಸೈನ್ಯದ ಡಿಪೋದಲ್ಲಿ ಗುಮಾಸ್ತೆಯ ಕೆಲಸ ಸಿಗುವವರೆಗೆ ಬೆನ್ನಿಗೆ ನಿಂತರು. ನಾನು ಮದುವೆಯಾಗಿ ಬೆಳಗಾವಿಯಿಂದ ಪುಣೆಯ ಅಂಚಿನ ನಿಗಡಿಗೆ ಬಂದಾಗ ಬಾಗಿಲಲ್ಲಿ ನಿಂತು ಮನೆ ತುಂಬಿಸಿಕೊಂಡವರೂ ಅವರೇ. ಈಗ ಅವರ ಮೊಣಕಾಲು ಕೈಕೊಟ್ಟಿವೆ. ಸರಕಾರಿ ಎಸ್‌ಟಿ ಬಸ್ಸಿನ ಮೆಟ್ಟಿಲು ಅವರಿಗೆ ಪರ್ವತ. ನಮ್ಮವರು ನಿವೃತ್ತಿಯ ಹೊತ್ತಿಗೆ ಕಾರು ತೆಗೆದುಕೊಳ್ಳುತ್ತೇನೆ ಎಂದಾಗ ಕೊಟ್ಟ ಮೊದಲ ಕಾರಣವೇ ಇದು: "ಅತ್ತೀನ್ನ ಎಲ್ಲೆಲ್ಲಿ ಹೋಗಬೇಕಂತಾಳ, ಅಲ್ಲೆಲ್ಲಾ ಕರಕೊಂಡ ಹೋಗತೀನಿ."

ಅದನ್ನು ಅವರು ಮನಸಾರೆ ಹೇಳಿದ್ದರು. ನನಗೆ ಅದರಲ್ಲಿ ಈಗಲೂ ಅನುಮಾನವಿಲ್ಲ.

ಗಾಳಿಸುದ್ದಿ ಶುರುವಾದದ್ದು ಒಂದು ವಿಡಿಯೋದಿಂದ. ಯಾವುದೋ ರಸ್ತೆಯಲ್ಲಿ ಯಾವುದೋ ಕಾರು ಧಗಧಗ ಉರಿಯುತ್ತಿದೆ. ಯಾವ ದೇಶ, ಯಾವ ಕಾರು ಎಂದು ತಿಳಿಯುವುದಿಲ್ಲ, ನಂಬರ್ ಪ್ಲೇಟೂ ಕಾಣುವುದಿಲ್ಲ. ಮೂರನೇ ಮಹಡಿಯ ಮರಾಠಿ ಗೃಹಸ್ಥರು ಅದನ್ನು ನಮ್ಮ ಅಪಾರ್ಟ್‌ಮೆಂಟ್ ಸೊಸಾಯಿಟಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ಕೆಳಗೆ ಎರಡು ಕೈ ಜೋಡಿಸಿದ ಚಿತ್ರವಿಟ್ಟು, "ಕಾಳಜಿ ಘ್ಯಾ" ಎಂದು ಬರೆದಿದ್ದರು. ಜೋಪಾನ, ಎಂದು ಅರ್ಥ. ಮುಂದೆ ದಿನಕ್ಕೊಂದು ಬಂತು. ಮಳೆಯಲ್ಲಿ ಶಾಕ್ ಹೊಡೆಯುತ್ತದೆ. ವಾರಂಟಿ ಮುಗಿದ ಮರುದಿನವೇ ಬ್ಯಾಟರಿ ಸಾಯುತ್ತದೆ. ಕೆಳಗೆ ಪಾರ್ಕಿಂಗಿನಲ್ಲಿ ಚಾರ್ಜಿಗೆ ಹಾಕಿದರೆ ಮೇಲಿನ ಮನೆಗಳೆಲ್ಲ ಬೂದಿಯಾಗುತ್ತವೆ. ಪ್ರತಿಯೊಂದರ ಕೆಳಗೂ ಜೋಡಿಸಿದ ಕೈಗಳು. ಬೆಂಕಿ ಹಚ್ಚುವವರು ಹೀಗೆ ಕೈಮುಗಿದು ಹಚ್ಚುವುದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮವರಿಗೆ ಇನ್ನೊಂದು ಗುಂಪು ಸಿಕ್ಕಿತು. ನಿಗಡಿ, ಆಕುರ್ಡಿ ಕಡೆಯ ಬ್ಯಾಟರಿ ಕಾರಿನವರದ್ದು. ಹೆಚ್ಚಿನವರು ನಿವೃತ್ತರು, ಮಾತಿಗೆ ಹಸಿದವರು. ಅವರಲ್ಲಿ ಒಂದು ಪದ್ಧತಿ ಬೆಳೆದಿತ್ತು. ಹೊರಗಿನಿಂದ ಸುದ್ದಿಯೊಂದು ಬಂತೆಂದರೆ ವಾದ ಮಾಡುವಂತಿಲ್ಲ, ಫೋಟೋ ಹಾಕಬೇಕು. ಪರದೆಯ ಮೇಲೆ ಓಡಿದ ದೂರ, ಉಳಿದ ಚಾರ್ಜು, ಎರಡೂ ಒಟ್ಟಿಗೆ ಕಾಣಬೇಕು. ಅದಕ್ಕೆ "ಪುರಾವೆ" ಎಂದು ಹೆಸರು. ಮನೆಯಿಂದ ಹೊರಟು ಮನೆಗೆ ಬರುವವರೆಗೆ ನಡುವೆ ಎಲ್ಲೂ ಚಾರ್ಜ್ ಮಾಡಿರಬಾರದು. ಮಾಡಿದರೆ ಅದು ಪುರಾವೆಯಲ್ಲ. ಯಾರದಾದರೂ ಗಾಡಿ ನಿಜವಾಗಿ ಕೈಕೊಟ್ಟರೆ ಆ ಮಾತು ಗುಂಪಿನ ಹೊರಗೆ ಹೋಗಬಾರದು. ಮದುವೆಯಾಗದ ಮಗಳಿರುವ ಮನೆಯವರು ಮಗಳ ಬಗ್ಗೆ ಮಾತಾಡುವಂತೆ ಇವರು ಕಾರಿನ ಬಗ್ಗೆ ಮಾತಾಡುತ್ತಿದ್ದರು.

ಹೀಗಿರುವಾಗ ಭೋರ್ ಸುದ್ದಿ ಬಂತು. ಭೋರ್ ಪುಣೆಯಿಂದ ದಕ್ಷಿಣಕ್ಕೆ, ಗುಡ್ಡಗಳ ಬುಡದಲ್ಲಿರುವ ಸಂತೆಯ ಊರು. ಒಂದು ಕುಟುಂಬ ಬ್ಯಾಟರಿ ಕಾರಿನಲ್ಲಿ ಆ ಕಡೆ ಹೋಗಿ, ಘಟ್ಟ ಹತ್ತುವಾಗ ಚಾರ್ಜು ಮುಗಿದು, ಊರಿನಲ್ಲಿದ್ದ ಒಂದೇ ಚಾರ್ಜಿಂಗ್ ಯಂತ್ರವೂ ಕೆಟ್ಟು, ಕಡೆಗೆ ಲಾರಿಯ ಮೇಲೆ ಗಾಡಿ ಹೇರಿಕೊಂಡು ಬಂದರಂತೆ. ಯಾವ ಕುಟುಂಬ ಎಂದು ಯಾರಿಗೂ ಗೊತ್ತಿರಲಿಲ್ಲ. ಮೂರನೇ ಮಹಡಿಯವರು ಲಿಫ್ಟಿನಲ್ಲಿ ನಮ್ಮವರ ಹೆಗಲ ಮೇಲೆ ಕೈಯಿಟ್ಟು, ಭೋರ್ ಕಡೆ ಮಾತ್ರ ಹೋಗಬೇಡಿ ಮಾರಾಯರೇ, ಎಂದು ಮರಾಠಿಯಲ್ಲಿ ಮರುಗಿದರು. ಆ ಮರುಕವೇ ಇವರನ್ನು ಕೆಣಕಿತು.

"ಭೋರ್‌ಕ್ಕ ಹೋಗಿ ಬರತೀನಿ," ಎಂದರು ಮನೆಗೆ ಬಂದವರೇ. "ಒಂದ ಚಾರ್ಜಿನ್ಯಾಗ. ಎಲ್ಲಾರ ಬಾಯಿ ಮುಚ್ಚಸ್ತೀನಿ."

ಒಳಗೆ ಸೊಪ್ಪು ಸೋಸುತ್ತಿದ್ದ ಅತ್ತೆ ಕೈ ನಿಲ್ಲಿಸಿದರು. "ಭೋರ್‌ಕ್ಕೇನೋ? ನಾನೂ ಬರತೀನಿ."

ಅತ್ತೆ ಮದುವೆಯಾಗಿ ಬಂದದ್ದು ಭೋರ್‌ಗೆ. ಅವರ ಗಂಡ ಅಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿದ್ದರು. ಧಾರವಾಡದ ಹುಡುಗಿಗೆ ಮರಾಠಿಯ ಒಂದಕ್ಷರ ಬರುತ್ತಿರಲಿಲ್ಲ. ಪಕ್ಕದ ಮನೆಯ ಸೊಸೆ, ಹೆಚ್ಚುಕಡಿಮೆ ಇವರದೇ ವಯಸ್ಸು, ಅಡುಗೆಮನೆಗೆ ಬಂದು ಒಂದೊಂದೇ ಪಾತ್ರೆ ಮುಟ್ಟಿ ಹೆಸರು ಹೇಳಿಕೊಟ್ಟಳಂತೆ. ಸೌಟು ಮುಟ್ಟಿ "ಪಳೀ." ಬೋಗುಣಿ ಮುಟ್ಟಿ "ಪಾತೇಲ." ಮಾತು ಬರುವವರೆಗೆ ಇಬ್ಬರೂ ಕೈಸನ್ನೆಯಲ್ಲೇ ಸಂಸಾರದ ಸುಖದುಃಖ ಹೇಳಿಕೊಂಡಿದ್ದರು. ಅತ್ತೆ ಮಾಡುತ್ತಿದ್ದ ಶೇಂಗಾ ಹೋಳಿಗೆ ಆ ಗೆಳತಿಗೆ ಪ್ರಾಣ. ಅದನ್ನು ಆಕೆ "ಕಾನಡಿ ಪೋಳಿ" ಎನ್ನುತ್ತಿದ್ದಳು, ಕನ್ನಡದವರ ಹೋಳಿಗೆ ಎಂದು. ಈಗ ಆಕೆ ಭೋರ್‌ನಿಂದ ಮೇಲೆ, ಘಟ್ಟದ ದಾರಿಯ ಒಂದು ಹಳ್ಳಿಯಲ್ಲಿ ಮಗಳ ಜೊತೆಗಿದ್ದಳು. ಕಿವಿ ಪೂರ್ತಿ ಹೋಗಿತ್ತು. ಹಾಗಾಗಿ ಫೋನಿನ ಮಾತು ನಿಂತು ವರ್ಷಗಳಾಗಿದ್ದವು. ಮಗಳ ಫೋನಿನಲ್ಲಿ ವಿಡಿಯೋ ಕರೆಗೂ ಒಮ್ಮೆ ಕೂಡಿಸಿ ನೋಡಿದ್ದೆವು. ಇಬ್ಬರು ಮುದುಕಿಯರೂ ಪರದೆ ನೋಡಿ ಅಳಲು ಶುರುಮಾಡಿದ್ದರಿಂದ ಅದನ್ನೂ ಬಿಟ್ಟೆವು.

"ಮೊದಲೂ ಕೈಲೇ ಮಾತಾಡೀವಿ, ಈಗೂ ಕೈಲೇ ಮಾತಾಡತೀವಿ. ಅದಕ್ಕೇನಾಗಬೇಕು?" ಎಂದು ಅತ್ತೆ ನನಗೆ ಹೇಳಿದರು. "ಒಮ್ಮೆ ಎದುರು ಕೂತರ ಸಾಕವಾ."

ನಮ್ಮವರು ಒಪ್ಪಿದರು. ಗೆಳತಿಯ ಮಗಳಿಗೆ ಫೋನು ಮಾಡಿ ಭಾನುವಾರ ಬರುತ್ತೇವೆಂದು ತಿಳಿಸಿದರು. ಅತ್ತೆ ಹಿಂದಿನ ದಿನವಿಡೀ ಹೋಳಿಗೆ ಲಟ್ಟಿಸಿದರು. ನಾನು ಸಹಾಯಕ್ಕೆ ಹೋದರೆ, ನಿನ್ನ ಹೋಳಿಗೆ ದಪ್ಪ ಆಗುತ್ತದೆ ಎಂದು ನನ್ನನ್ನು ಒಲೆಯ ಹತ್ತಿರಕ್ಕೂ ಬಿಡಲಿಲ್ಲ.

ಯುಗಾದಿ ಕಳೆದ ಹೊಸತು, ಬಿಸಿಲು ಚುರುಗುಟ್ಟುತ್ತಿತ್ತು. ನಿಗಡಿ ಬಿಟ್ಟು ಹೆದ್ದಾರಿ ಸೇರುವಷ್ಟರಲ್ಲಿ ನನ್ನ ಬೆನ್ನು ಸೀಟಿಗೆ ಅಂಟಿತು. ಅತ್ತೆ ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಸ್ಟೀಲ್ ಡಬ್ಬಿ ಇಟ್ಟುಕೊಂಡು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು.

"ರೀ, ಎಸಿ ಹಾಕ್ರಿ. ಅತ್ತಿಯವರಿಗೆ ಸೆಕಿ ಆಗಲಿಕ್ಕತ್ತದ," ಎಂದೆ.

"ಕಾತ್ರಜ್ ದಾಟಲಿ, ತಡಿ."

ಪುಣೆಯ ದಕ್ಷಿಣದಂಚಿನ ಕಾತ್ರಜ್ ದಾಟಿತು. "ಇನ್ನೊಂದು ಸ್ವಲ್ಪ ತಡಿ," ಎಂದರು.

"ಹಂಗಾರ ಕಿಟಕಿನಾರ ಇಳಸ್ರಿ."

"ಕಿಟಕಿ ತಗದ್ರ ಗಾಳಿ ಹೊಕ್ಕು ಗಾಡಿ ಹಿಂದ ಜಗ್ಗತದ. ಚಾರ್ಜು ತಿಂತದ."

"ಎಸಿನೂ ಇಲ್ಲ, ಗಾಳಿನೂ ಇಲ್ಲ. ನಮ್ಮನ್ನೇನು ಸಂಡಗಿ ಮಾಡಿ ಒಣಗಸ್ತೀರೇನ್ರಿ?"

ಅತ್ತೆ ನಕ್ಕುಬಿಟ್ಟರು. "ಇರಲಿ ಬಿಡವಾ. ಅವನ ಪರೀಕ್ಷಾ ಅದ ಇವತ್ತ."

ಪರೀಕ್ಷೆಯೇ ಅದು. ನಮ್ಮವರು ಎಡಗಡೆಯ ಅಂಚು ಹಿಡಿದು ಎಷ್ಟು ನಿಧಾನ ಓಡಿಸಿದರೆಂದರೆ ಕಬ್ಬಿನ ಟ್ರ್ಯಾಕ್ಟರಿನವನೂ ಹಾರ್ನ್ ಹೊಡೆದು ಮುಂದೆ ಹೋದ. ಆಗಾಗ ಅಂಕಿಯನ್ನು ಜೋರಾಗಿ ಓದುತ್ತಿದ್ದರು. ಅತ್ತೆಯೂ ಪರದೆ ನೋಡುವುದನ್ನು ಕಲಿತು, ಒಂದು ಇಳಿದೊಡನೆ "ಇಳೀತೋ" ಎಂದು ಇವರಿಗೆ ತಿಳಿಸುತ್ತಿದ್ದರು. ಇಬ್ಬರೂ ಆಟದಲ್ಲಿ ಮುಳುಗಿದ ಮಕ್ಕಳ ಹಾಗಿದ್ದರು. ನನಗೂ ಆಮೇಲೆ ನಗು ಬಂತು.

ಭೋರ್ ಮುಟ್ಟಿದಾಗ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು. ಊರಿನ ಹಳೆಯ ಅರಮನೆಯ ಹತ್ತಿರ ಬೇವಿನ ಮರದ ಕೆಳಗೆ ನಿಲ್ಲಿಸಿ ಚಹಾ ಕುಡಿದೆವು. ಅತ್ತೆ ಬಾಗಿಲು ತೆಗೆದಿಟ್ಟು, ಕಾಲು ಹೊರಗೆ ಚಾಚಿ, ಯಾವ ಬೀದಿ ಎಲ್ಲಿಗೆ ಹೋಗುತ್ತದೆ ಎಂದು ನನಗೆ ಹೇಳುತ್ತಿದ್ದರು. ನಮ್ಮವರು ಮಾತ್ರ ಚಹಾದ ಕಪ್ ಕೈಯಲ್ಲಿ ಹಿಡಿದು ಗುಡ್ಡದ ಕಡೆಗೆ ನೋಡುತ್ತ ನಿಂತರು. ಗುಂಪಿನಿಂದ ಒಂದೇ ಸಮನೆ ಸಂದೇಶಗಳು ಬರುತ್ತಿದ್ದವು: ಎಲ್ಲಿದ್ದೀರಿ, ಎಷ್ಟು ಉಳಿದಿದೆ, ಶಾಬ್ಬಾಸ್. ಅವರ ಮುಖದಲ್ಲಿ ಏನೋ ಬದಲಾಗಿತ್ತು.

"ಅತ್ತಿ," ಎಂದರು, "ಮ್ಯಾಲೆ ಹೋದ್ರ ತಿರುಗಿ ಮನಿ ಮುಟ್ಟೂದು ಕಷ್ಟ ಆಗತದ. ಘಟ್ಟ ಹತ್ತೂವಾಗ ಚಾರ್ಜು ನೀರಿನಂಗ ಹರದ ಹೋಗತದ."

"ಯಾರು ಹೇಳಿದ್ರು ನಿಮಗ?" ಎಂದೆ ನಾನು.

"ಎಲ್ಲಾರೂ ಹೇಳತಾರ."

ಆ ಎಲ್ಲರ ಬಾಯಿ ಮುಚ್ಚಿಸಲೆಂದೇ ಅಲ್ಲವೇ ನಾವು ಬೆವರು ಸುರಿಸುತ್ತ ಅಲ್ಲಿವರೆಗೆ ಬಂದದ್ದು? ಸುಳ್ಳು ಸುಳ್ಳು ಎಂದು ತಿಂಗಳುಗಟ್ಟಲೆ ಕೂಗಾಡಿದ ಮನುಷ್ಯನ ಹೊಟ್ಟೆಯೊಳಗೇ ಆ ಸುದ್ದಿ ಹೋಗಿ ಕುಳಿತಿತ್ತು. ನಂಬದೆ ಇದ್ದವರು ಯಾರಾದರೂ ಇದ್ದರೆ ಅದು ಮೂರನೇ ಮಹಡಿಯವರೇ ಇರಬೇಕು. ಅವರಿಗೆ ಅದು ಬರೀ ಮಾತು, ಕಳಿಸಿ ಮರೆತುಬಿಡುತ್ತಿದ್ದರು. ದಿನವೂ ಅದಕ್ಕೆ ಉತ್ತರ ಹುಡುಕುತ್ತಿದ್ದ ಇವರಿಗೆ ಅದು ಮೈಗೇ ಹತ್ತಿಬಿಟ್ಟಿತ್ತು.

"ಇಲ್ಲೇ ಊರಾಗ ಸ್ವಲ್ಪ ಚಾರ್ಜ್ ಮಾಡ್ಕೊಂಡು ಹೋಗೂಣ್ರಿ," ಎಂದೆ.

"ಇಲ್ಲೀದು ಕೆಟ್ಟದ ಅಂತಾರ. ಮತ್ತ ನಡುವ ಚಾರ್ಜ್ ಮಾಡಿದ್ರ ಅದು ಪುರಾವೆ ಆಗೂದಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದು ಅಂದೆ. ಅಷ್ಟರಲ್ಲಿ ಅತ್ತೆ ನನ್ನ ಕೈ ಹಿಡಿದು ಅದುಮಿದರು. ಅವರು ಹಾಗೆಯೇ. ತಮ್ಮದಾಗಿ ಏನನ್ನೂ ಎರಡನೇ ಸಲ ಕೇಳಿದವರಲ್ಲ.

"ಹೋಗಲಿ ಬಿಡೋ. ಮುಂದಿನ ಸಲ ಹೋಗೂಣು," ಎಂದರು. "ಅಕಿ ಎಲ್ಲಿ ಹೋಗತಾಳ?"

ನಮ್ಮವರು ಗೆಳತಿಯ ಮಗಳಿಗೆ ಫೋನು ಮಾಡಿ, ಇವತ್ತು ಆಗುವುದಿಲ್ಲ, ಬೇಗ ಇನ್ನೊಮ್ಮೆ ಬರುತ್ತೇವೆ ಎಂದರು. ಡಬ್ಬಿ ಅತ್ತೆಯ ತೊಡೆಯ ಮೇಲೆ ಹೋದ ಹಾಗೆಯೇ ತಿರುಗಿ ಬಂತು. ಮನೆಯ ಪಾರ್ಕಿಂಗಿನಲ್ಲಿ ನಿಂತಾಗ ಇನ್ನೂ ಸಾಕಷ್ಟು ಚಾರ್ಜ್ ಉಳಿದಿತ್ತು. ಅಂಥ ಅಂಕಿಯನ್ನು ಗುಂಪಿನಲ್ಲಿ ಯಾರೂ ಕಂಡಿರಲಿಲ್ಲ. ಫೋಟೋ ಹೋಯಿತು, ಚಪ್ಪಾಳೆಯ ಚಿತ್ರಗಳು ಬಂದವು. ಸೊಸಾಯಿಟಿಯ ಗುಂಪಿಗೂ ಹೋಯಿತು. ಮೂರನೇ ಮಹಡಿಯವರು ಹೆಬ್ಬೆರಳು ಎತ್ತಿ ತೋರಿಸಿ, ಸ್ವಲ್ಪ ಹೊತ್ತಿಗೆ ಬೇರೆ ಯಾವುದೋ ಕಾರು ಉರಿಯುವ ವಿಡಿಯೋ ಹಾಕಿದರು. ಮರುದಿನ ಹೋಳಿಗೆಯನ್ನು ನಾವು ಮೂವರೇ ತಿಂದೆವು.

ಮುಂದಿನ ಸಲ ಎಂಬುದು ಹೇಗೆ ಜಾರಿಹೋಗುತ್ತದೆ ಎಂದು ಆ ವರ್ಷ ನೋಡಿದೆ. ಮೊದಲು ಸೊಸಾಯಿಟಿಯ ಸೆಕ್ರೆಟರಿ ಬಂದು, ಜನ ಹೆದರುತ್ತಿದ್ದಾರೆ, ಪಾರ್ಕಿಂಗಿಗೆ ಎಳೆದ ಚಾರ್ಜಿಂಗ್ ವೈರನ್ನು ಸದ್ಯಕ್ಕೆ ತೆಗೆಯಿರಿ ಎಂದರು. ಅದಕ್ಕೆ ಸಭೆ, ಸಭೆಯಲ್ಲಿ ಜಗಳ. ನಮ್ಮವರು ಆಕುರ್ಡಿಯ ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಸರದಿ ಹಿಡಿದು ಕೂರತೊಡಗಿದರು. ಅಷ್ಟು ಕಷ್ಟಪಟ್ಟು ತುಂಬಿಸಿದ್ದನ್ನು ಖರ್ಚು ಮಾಡಲು ಅವರಿಗೆ ಮನಸ್ಸೇ ಬರುತ್ತಿರಲಿಲ್ಲ. ಆಮೇಲೆ ಬಿಸಿಲು ಕೆಟ್ಟದಾಯಿತು. ವೈರಿನ ಅನುಮತಿ ಸಿಗುವ ಹೊತ್ತಿಗೆ ಮಳೆ ಹಿಡಿಯಿತು, ಘಟ್ಟದಲ್ಲಿ ಮಣ್ಣು ಕುಸಿದಿದೆ ಎಂದರು. ಅದಂತೂ ಗಾಳಿಸುದ್ದಿಯಲ್ಲ, ನಿಜವೇ ಆಗಿತ್ತು. ಅತ್ತೆ ಒಂದು ದಿನವೂ ನೆನಪಿಸಲಿಲ್ಲ. ನಾನು ನೆನಪಿಸಿದಾಗಲೆಲ್ಲ ನಮ್ಮವರು "ಹೂಂ, ಹೋಗೂಣು, ಹೋಗೂಣು" ಎಂದರು. ಹೋಗುವ ಮನಸ್ಸಿತ್ತು, ಅದೇ ದುಃಖ.

ಶ್ರಾವಣದಲ್ಲಿ ಗೆಳತಿಯ ಮಗಳ ಫೋನು ಬಂತು. ತಾಯಿ ಹೋಗಿಬಿಟ್ಟಿದ್ದಳು. ಜ್ವರ ಬಂದು ಮಲಗಿದವಳು ಏಳಲಿಲ್ಲವಂತೆ. ಫೋನು ಹಿಡಿದಿದ್ದ ನಮ್ಮವರು ಹಾಗೆಯೇ ಕುರ್ಚಿಯ ಮೇಲೆ ಕುಳಿತರು. ಅತ್ತೆಗೆ ಹೇಳುವ ಕೆಲಸ ನನಗೆ ಬಂತು. ಅತ್ತೆ ಕೇಳಿಸಿಕೊಂಡು, "ದಾರಿ ತೆರದದ ಏನು ಕೇಳವಾ," ಎಂದರು.

ದಾರಿ ತೆರೆದಿತ್ತು. ಮುಂದಿನ ವಾರ ಹೋದೆವು. ಈ ಸಲ ನಮ್ಮವರು ನಿಗಡಿಯಿಂದಲೇ ಎಸಿ ಹಾಕಿದ್ದರು, ಮಳೆಗಾಲದ ತಂಪಿನಲ್ಲಿ. ಅತ್ತೆ ಎರಡು ಸಲ ಸೆರಗು ಹೊದ್ದುಕೊಂಡರು, ಬಂದ್ ಮಾಡೋ ಎನ್ನಲಿಲ್ಲ. ನಾನೇ ಹಿಂದಿನಿಂದ ಕೈ ಚಾಚಿ ಬಂದ್ ಮಾಡಿದೆ. ಅಂಕಿಯನ್ನು ಯಾರೂ ಓದಲಿಲ್ಲ. ಭೋರ್‌ನಲ್ಲಿ, ಕೆಟ್ಟಿದೆ ಎಂದಿದ್ದ ಚಾರ್ಜಿಂಗ್ ಯಂತ್ರಕ್ಕೆ ಯಾರದೋ ಕಾರು ನಿಶ್ಚಿಂತೆಯಿಂದ ತಗಲಿಕೊಂಡು ನಿಂತಿತ್ತು. ನಮ್ಮವರು ಗಾಡಿ ನಿಧಾನ ಮಾಡಿ ಅದನ್ನು ನೋಡಿದರು. ನಾನು ಅವರ ಕುತ್ತಿಗೆಯ ಹಿಂಭಾಗವನ್ನಷ್ಟೇ ಕಂಡೆ. ಆ ದಿನ ಅವರನ್ನು ಬೈಯುವ ಆಸೆ ನನಗೆ ಉಳಿದಿರಲಿಲ್ಲ.

ಘಟ್ಟ ಹತ್ತಿತು ಕಾರು. ಏನೂ ಆಗಲಿಲ್ಲ. ಹಸಿರು ಗುಡ್ಡಗಳ ನಡುವೆ ಸದ್ದಿಲ್ಲದೆ ತಿರುವು ತಿರುವಾಗಿ ಏರಿ, ಹಳ್ಳಿಯ ಅಂಚಿನ ಹೆಂಚಿನ ಮನೆಯ ಮುಂದೆ ನಿಂತಿತು.

ಮಗಳು ಬಾಗಿಲಿಗೆ ಬಂದು ಅತ್ತೆಯನ್ನು ತಬ್ಬಿಕೊಂಡು ಅತ್ತಳು. ಅವಳೂ ಈಗ ನರೆತ ಹೆಂಗಸು. ಒಳಗೆ ಕರೆದುಕೊಂಡು ಹೋಗುವ ಮೊದಲು ರಸ್ತೆಬದಿಯ ಕಲ್ಲಿನ ಕಟ್ಟೆಯನ್ನು ತೋರಿಸಿ ಮರಾಠಿಯಲ್ಲಿ ಹೇಳಿದಳು: ಆ ಭಾನುವಾರ ಅವ್ವ ಇಲ್ಲೇ ಕುಳಿತಿದ್ದಳು. ನೀವು ಬರುವುದಿಲ್ಲ ಎಂದು ಫೋನು ಬಂದ ಮೇಲೆ ನಾನು ಕೈಸನ್ನೆ ಮಾಡಿ ಹೇಳಿದೆ. ನಂಬಲೇ ಇಲ್ಲ. ಕಾನಡಿಯವಳು ಬರುತ್ತೇನೆ ಅಂದಮೇಲೆ ಬಂದೇ ಬರುತ್ತಾಳೆ, ನಿನಗೇ ಸರಿಯಾಗಿ ಕೇಳಿಸಿಲ್ಲ, ಎಂದು ನನ್ನನ್ನೇ ಬೈದಳು. ಮದುವೆ ಮುಂಜಿಗೆ ಉಡುವ ಸೀರೆ ಉಟ್ಟಿದ್ದಳು. ಹೊತ್ತು ಮುಳುಗುವವರೆಗೆ ರಸ್ತೆಯ ಆ ತಿರುವನ್ನೇ ನೋಡುತ್ತಿದ್ದಳು.

ನಾನು ಆ ತಿರುವಿನ ಕಡೆ ನೋಡಿದೆ. ಬ್ಯಾಟರಿ ಕಾರಿಗೆ ಸದ್ದೇ ಇಲ್ಲ, ಅದು ಬಂದದ್ದು ಯಾರಿಗೂ ತಿಳಿಯುವುದಿಲ್ಲ ಎಂಬುದೂ ನಮ್ಮ ಸೊಸಾಯಿಟಿಯವರ ದೂರುಗಳಲ್ಲಿ ಒಂದು. ಆ ಮುದುಕಿಗೆ ಎಲ್ಲ ಗಾಡಿಗಳೂ ಸದ್ದಿಲ್ಲದವೇ. ಆ ದಿನ ಅಲ್ಲಿ ತಿರುಗಿದ ಒಂದೊಂದನ್ನೂ ಆಕೆ ಕಣ್ಣಿಂದಲೇ ಕಾದಿರಬೇಕು.

ಅತ್ತೆ ಅಲ್ಲಿ ಅಳಲಿಲ್ಲ. ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದರು. ಗೋಡೆಗೆ ತೂಗುಹಾಕಿದ ಸೌಟನ್ನು ಮುಟ್ಟಿ "ಪಳೀ" ಎಂದರು. ಒಲೆಯ ಪಕ್ಕ ಬೋರಲು ಹಾಕಿದ ಬೋಗುಣಿ ಮುಟ್ಟಿ "ಪಾತೇಲ" ಎಂದರು. ನಮ್ಮವರು ಹೊರಗೆ ಕಟ್ಟೆಯ ಹತ್ತಿರವೇ ನಿಂತಿದ್ದರು. ಕುಳಿತುಕೊಳ್ಳಿ ಎಂದು ಮಗಳು ಎಷ್ಟು ಹೇಳಿದರೂ ಆ ಕಟ್ಟೆಯ ಮೇಲೆ ಕೂರಲಿಲ್ಲ.

ತಿರುಗಿ ಇಳಿಯುವಾಗ ಮಂಜು ತೆಳುವಾಗಿ, ಕೆಳಗೆ ಭೋರ್‌ನ ಮನೆಗಳು ಕಾಣತೊಡಗಿದವು. ಅತ್ತೆಯ ದೃಷ್ಟಿ ಅಭ್ಯಾಸಬಲದಿಂದ ಪರದೆಯ ಮೇಲಿತ್ತು. ಒಂದು ತಿರುವು ದಾಟಿದ ಮೇಲೆ ಅವರು ಮುಂದಕ್ಕೆ ಬಾಗಿದರು. ಇನ್ನೊಂದು ತಿರುವು ದಾಟಿತು.

"ಏನೋ ಇದು? ಅಂಕಿ ಏರಲಿಕ್ಕತ್ತದಲ್ಲೋ," ಎಂದರು.

"ಹೂಂ ಅತ್ತಿ." ನಮ್ಮವರ ದನಿ ನನಗೆ ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣಗಿತ್ತು. "ಇಳೀವಾಗ ಗಾಡಿ ತಾನ ಚಾರ್ಜ್ ಮಾಡ್ಕೋತದ. ಹತ್ತೂವಾಗ ತಿಂದದ್ರಾಗ ಒಂದಿಷ್ಟು ತಿರುಗಿ ಕೊಡತದ."

ಗಾಡಿ ತೆಗೆದುಕೊಳ್ಳುವಾಗ ಶೋರೂಮಿನವರು ಅದನ್ನು ಹೇಳಿದ್ದರು. ಪುಣೆಯ ಫ್ಲೈಓವರ್ ಇಳಿಯುವಾಗ ಇವರೇ ನನಗೆ ಹೆಮ್ಮೆಯಿಂದ ವಿವರಿಸಿದ್ದರು. ಆ ಭಾನುವಾರ ಬೇವಿನ ಮರದ ಕೆಳಗೆ ಅದು ಅವರ ನೆನಪಿಗೆ ಬಂದಿರಲಿಲ್ಲ. ಹತ್ತುವುದರ ಬಗ್ಗೆ ಜನ ಅಷ್ಟೊಂದು ಆಡಿಕೊಂಡಿದ್ದರು, ಇಳಿಯುವುದರ ಬಗ್ಗೆ ಯಾರೂ ಒಂದು ಸಂದೇಶವನ್ನೂ ಕಳಿಸಿರಲಿಲ್ಲ.

ಅತ್ತೆ ಇನ್ನೂ ಒಂದು ತಿರುವಿನವರೆಗೆ ನೋಡಿದರು. ಅಂಕಿ ಮತ್ತೆ ಒಂದು ಏರಿತು.

"ಅವತ್ತೂ ಹಿಂಗ ತಿರುಗಿ ಕೊಡತಿತ್ತೇನೋ?" ಎಂದು ಕೇಳಿದರು. ಆರೋಪವಿರಲಿಲ್ಲ ಅದರಲ್ಲಿ. ಗೊತ್ತಿಲ್ಲದ್ದನ್ನು ಕೇಳುವ ದನಿಯಷ್ಟೇ.

ನಮ್ಮವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಕೊಡತಿತ್ತು ಅತ್ತಿ," ಎಂದರು.

ಅತ್ತೆ ತಲೆಯಾಡಿಸಿ ಸೀಟಿಗೆ ಒರಗಿ ಕಣ್ಣು ಮುಚ್ಚಿದರು. ಮಡಿಲಲ್ಲಿದ್ದ ಅವರ ಎರಡೂ ಕೈಗಳು, ಎದುರು ಯಾರೋ ಕುಳಿತಿದ್ದಾರೆ ಎಂಬಂತೆ, ಒಂದಿಷ್ಟು ಹೊತ್ತು ಸನ್ನೆ ಮಾಡಿ ನಿಂತವು. ನಿಗಡಿ ಬರುವವರೆಗೆ ಆ ಪರದೆಯ ಕಡೆ ನಮ್ಮಲ್ಲಿ ಯಾರೂ ನೋಡಲಿಲ್ಲ.